ತೆರೆಯುವ ಮೊದಲೇ ಓದಿಸಿಕೊಳ್ಳುವ ಸಾಲು

ಇ-ಮೇಲ್‌ನ ‘ಇಣುಕು ಸಾಲು’: ಸದರ್‌ನ ವ್ಯಾಪಾರಿಗೂ ಸಂಘದ ಕಾರ್ಯದರ್ಶಿಗೂ ಒಂದೇ ಪಾಠ

ನಾಗಪುರ: ಸದರ್‌ನ ಮಂಗಳವಾರಿ ಬಜಾರಿನಲ್ಲಿ ಸಂತೆಯ ದಿನ ಸಂಜೆ ಹೊತ್ತು ನಡೆದು ಹೋಗುವವರಿಗೆ ಒಂದು ವಿಷಯ ಗಮನಕ್ಕೆ ಬಾರದೆ ಇರದು. ತರಕಾರಿ ಮಾರುವವರು ತಮ್ಮ ಹೆಸರನ್ನಾಗಲೀ ಊರನ್ನಾಗಲೀ ಕೂಗುವುದಿಲ್ಲ, ಗ್ರಾಹಕರಿಗೆ ನಮಸ್ಕಾರ ಹೇಳುತ್ತಾ ನಿಲ್ಲುವುದೂ ಇಲ್ಲ. ಮಾಲು ಯಾವುದು, ದರ ಎಷ್ಟು, ಎಷ್ಟು ಹೊತ್ತಿನವರೆಗೆ ಎಂಬ ಮೂರೇ ಮಾತು. ನಡೆಯುತ್ತಿರುವವನ ಕಾಲು ನಿಲ್ಲಬೇಕಾದರೆ ಅಷ್ಟು ಸಾಕು, ಅದಕ್ಕಿಂತ ಹೆಚ್ಚು ಕೇಳಿಸಿಕೊಳ್ಳುವ ವ್ಯವಧಾನ ಅವನಿಗೂ ಇರುವುದಿಲ್ಲ.

ಇದೇ ಸದರ್‌ನ ರೆಸಿಡೆನ್ಸಿ ರಸ್ತೆಯ ಅಂಗಡಿ, ಹೊಟೇಲು, ಕಚೇರಿಗಳಲ್ಲಿ ಕುಳಿತವರ ಮೊಬೈಲ್‌ನಲ್ಲಿಯೂ ದಿನವಿಡೀ ಒಂದು ಸಂತೆ ನಡೆಯುತ್ತಿರುತ್ತದೆ. ಇ-ಮೇಲ್‌ನ ಇನ್‌ಬಾಕ್ಸ್ ಎಂಬ ಆ ಸಂತೆಯಲ್ಲಿ ಬ್ಯಾಂಕಿನ ಪತ್ರ, ವಿಮೆಯ ಪತ್ರ, ರೈಲು ಟಿಕೆಟು, ಬಟ್ಟೆ ಅಂಗಡಿಯ ರಿಯಾಯಿತಿ, ಸಂಘದ ಆಮಂತ್ರಣ ಎಲ್ಲವೂ ಒಂದರ ಕೆಳಗೊಂದು ಸಾಲಾಗಿ ಕುಳಿತಿರುತ್ತವೆ. ಪ್ರತಿಯೊಂದಕ್ಕೂ ಸಿಗುವುದು ಮೂರು ತುಣುಕು ಜಾಗ ಮಾತ್ರ: ಕಳುಹಿಸಿದವರ ಹೆಸರು, ವಿಷಯದ ಸಾಲು, ಮತ್ತು ಅದರ ಪಕ್ಕದಲ್ಲೋ ಕೆಳಗೋ ತೆಳು ಬಣ್ಣದಲ್ಲಿ ಕಾಣುವ ಒಂದೆರಡು ಸಾಲು. ಈ ಮೂರನೆಯದನ್ನು ವ್ಯಾಪಾರಿ ವಲಯದಲ್ಲಿ ‘ಪ್ರಿವ್ಯೂ ಟೆಕ್ಸ್ಟ್’ ಅಥವಾ ‘ಪ್ರಿಹೆಡರ್’ ಎನ್ನುತ್ತಾರೆ. ಕನ್ನಡದಲ್ಲಿ ಇಣುಕು ಸಾಲು ಎನ್ನಲಡ್ಡಿಯಿಲ್ಲ.

ಹೆಸರನ್ನು ಬದಲಾಯಿಸುವಂತಿಲ್ಲ. ವಿಷಯದ ಸಾಲನ್ನು ಎಲ್ಲರೂ ಒಂದಿಷ್ಟು ಯೋಚಿಸಿಯೇ ಬರೆಯುತ್ತಾರೆ. ಆದರೆ ಇಣುಕು ಸಾಲನ್ನು ಮಾತ್ರ ಹೆಚ್ಚಿನವರು ಬರೆಯುವುದೇ ಇಲ್ಲ. ಬರೆಯದೆ ಬಿಟ್ಟರೆ ಆ ಜಾಗ ಖಾಲಿ ಉಳಿಯುತ್ತದೆ ಎಂದು ತಿಳಿಯಬೇಕಾಗಿಲ್ಲ. ಪತ್ರದ ಮೊದಲ ಪದಗಳು ಯಾವುವೋ ಅವೇ ತಾವಾಗಿ ಬಂದು ಅಲ್ಲಿ ಕುಳಿತುಕೊಳ್ಳುತ್ತವೆ. ತೊಂದರೆ ಹುಟ್ಟುವುದು ಇಲ್ಲಿಂದಲೇ.

ಅರಶಿನ ಹಚ್ಚಿದ ಮೂಲೆ

ಪತ್ರವನ್ನು ಬಿಡಿಸುವ ಮೊದಲೇ ಅದರೊಳಗಿನ ಸುದ್ದಿಯನ್ನು ತಿಳಿಸುವ ಉಪಾಯ ನಮ್ಮವರಿಗೆ ಹೊಸತೇನೂ ಅಲ್ಲ. ಮದುವೆ, ಉಪನಯನಗಳ ಆಮಂತ್ರಣ ಪತ್ರಿಕೆಯ ಮೂಲೆಗಳಿಗೆ ಅರಶಿನ-ಕುಂಕುಮ ಹಚ್ಚುವ ಕ್ರಮ ಇಂದಿಗೂ ಇದೆ. ಅಂಚೆಯಣ್ಣನ ಕೈಯಲ್ಲಿ ಹಳದಿ ಮೂಲೆ ಕಂಡಾಕ್ಷಣ ಮನೆಯಲ್ಲಿ ನಗು ಮೂಡುತ್ತಿತ್ತು. ಮಹಾರಾಷ್ಟ್ರ ಹಾಗೂ ಉತ್ತರದ ಸೀಮೆಗಳಲ್ಲಿ ಸಾವಿನ ಸುದ್ದಿಯ ಕಾರ್ಡಿನ ಒಂದು ಮೂಲೆಯನ್ನು ಹರಿದು ಕಳುಹಿಸುವ ರೂಢಿಯಿತ್ತು. ಓದು ಬಾರದ ಮನೆಯವರಿಗೂ ಆ ಮೂಲೆ ಸುದ್ದಿ ಹೇಳಿ ಮುಗಿಸುತ್ತಿತ್ತು.

2013ರ ಜುಲೈಯಲ್ಲಿ ನಿಂತು ಹೋದ ತಂತಿ ಸೇವೆ ಇನ್ನೊಂದು ಪಾಠ ಕಲಿಸಿತ್ತು. ಪದಕ್ಕಿಷ್ಟು ಎಂದು ಹಣ ತೆರಬೇಕಾಗಿದ್ದುದರಿಂದ ಅಲ್ಲಿ ಉಪಚಾರದ ಮಾತಿಗೆ ಎಡೆಯಿರಲಿಲ್ಲ. ಹೊರಟದ್ದೆಲ್ಲಿಂದ, ತಲಪುವುದೆಂದು, ಯಾರು ಬರಬೇಕು ಎಂಬುದಷ್ಟೇ ಉಳಿಯುತ್ತಿತ್ತು. ಇ-ಮೇಲ್‌ನಲ್ಲಿ ಪದಕ್ಕೆ ಹಣವಿಲ್ಲ. ಆದ್ದರಿಂದಲೇ ಬರೆಯುವವರ ಕೈ ಸಡಿಲವಾಗಿದೆ. ಆದರೆ ಓದುವವರ ಪರದೆಯ ಅಗಲ ಮಾತ್ರ ಹಳೆಯ ತಂತಿ ಫಾರ್ಮಿಗಿಂತ ಕಿರಿದು ಎಂಬುದನ್ನು ಮರೆಯುವಂತಿಲ್ಲ.

ಮೊದಲ ಪತ್ರದಲ್ಲೇ ಎಡವಿದ್ದು

ವ್ಯಾಪಾರಕ್ಕಾಗಿ ಸಾಮೂಹಿಕವಾಗಿ ಕಳುಹಿಸಿದ ಮೊದಲ ಇ-ಮೇಲ್ ಎಂದು ಸಾಮಾನ್ಯವಾಗಿ ಹೇಳಲಾಗುವುದು 1978ರ ಮೇ 3ರದ್ದು. ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಶನ್‌ನ ಗ್ಯಾರಿ ಥುರ್ಕ್ ತಮ್ಮ ಕಂಪೆನಿಯ ಹೊಸ ಕಂಪ್ಯೂಟರಿನ ಪ್ರಾತ್ಯಕ್ಷಿಕೆಗೆ ಆಹ್ವಾನಿಸುತ್ತಾ ಅರ್ಪಾನೆಟ್‌ನ ಸುಮಾರು 400 ಮಂದಿಗೆ ಒಂದೇ ಪತ್ರ ಕಳುಹಿಸಿದರು. ವಿಳಾಸಗಳು ಎಷ್ಟು ಹೆಚ್ಚಿದ್ದವೆಂದರೆ, ಅವುಗಳಿಗೆಂದು ಮೀಸಲಿದ್ದ ಜಾಗ ತುಂಬಿ ಉಳಿದ ವಿಳಾಸಗಳು ಪತ್ರದ ಒಡಲಿಗೇ ಹರಿದು ಬಂದವು. ಪಡೆದವರಿಗೆ ವಿಷಯಕ್ಕೆ ಮೊದಲು ಕಂಡದ್ದು ಪರಕೀಯರ ವಿಳಾಸಗಳ ಪಟ್ಟಿ! ಹಲವರು ಸಿಟ್ಟಾದರು, ದೂರುಗಳು ಹೋದವು. ಆದರೂ ಆ ಪತ್ರದಿಂದ ಒಂದು ಕೋಟಿ ಡಾಲರಿಗೂ ಮಿಕ್ಕಿದ ವ್ಯಾಪಾರವಾಯಿತೆಂದು ಥುರ್ಕ್ ಮುಂದೆ ಹೇಳಿಕೊಂಡದ್ದಿದೆ.

ಒಂದೇ ಸಾಲು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಬೆಂಗಳೂರಿನ ನಂಟುಳ್ಳ ಉದಾಹರಣೆಯೂ ಇದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಬಾಲಕರ ಪ್ರೌಢಶಾಲೆಯಲ್ಲಿ ಓದಿದ ಸಬೀರ್ ಭಾಟಿಯಾ ಅವರು ಜಾಕ್ ಸ್ಮಿತ್ ಜೊತೆಗೂಡಿ 1996ರ ಜುಲೈ 4ರಂದು ಹಾಟ್‌ಮೇಲ್ ಆರಂಭಿಸಿದರು. ದೊಡ್ಡ ಜಾಹೀರಾತಿಗೆ ಹಣವಿರಲಿಲ್ಲ. ಬಳಕೆದಾರರು ಕಳುಹಿಸುವ ಪ್ರತಿ ಪತ್ರದ ಅಡಿಯಲ್ಲಿ, ನಿಮಗೂ ಉಚಿತ ಇ-ಮೇಲ್ ಬೇಕಾದರೆ ಇಲ್ಲಿ ಪಡೆಯಿರಿ ಎಂಬರ್ಥದ ಒಂದು ಸಾಲು ಸೇರಿಕೊಳ್ಳುತ್ತಿತ್ತು. ಕೆಲಸ ಮಾಡಿದ್ದು ಆ ಸಾಲು. 1997ರ ಡಿಸೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ಹಾಟ್‌ಮೇಲನ್ನು ಸುಮಾರು 40 ಕೋಟಿ ಡಾಲರಿಗೆ ಕೊಂಡಿತು.

2004ರ ಏಪ್ರಿಲ್ 1ರಂದು ಬಂದ ಜಿಮೇಲ್, ವಿಷಯದ ಸಾಲಿನ ಮಗ್ಗುಲಲ್ಲೇ ಪತ್ರದ ಮೊದಲ ಪದಗಳನ್ನು ತೋರಿಸತೊಡಗಿತು. ಪತ್ರದ ಬಾಗಿಲಿಗೆ ಕಿಟಕಿಯೊಂದು ಬಂದಂತಾಯಿತು. ಮೊಬೈಲ್ ಬಂದ ಮೇಲಂತೂ ಆ ಕಿಟಕಿಯಲ್ಲಿ ಇಣುಕಿ ನೋಡಿಯೇ ಒಳಗೆ ಹೋಗಬೇಕೇ ಬೇಡವೇ ಎಂದು ಜನ ತೀರ್ಮಾನಿಸುವಂತಾಗಿದೆ.

ಉಪಚಾರ ನುಂಗಿದ ಜಾಗ

ಕನ್ನಡಿಗರ ಪತ್ರಗಳಲ್ಲಿ ಈ ಕಿಟಕಿಯ ಸ್ಥಿತಿ ಹೇಗಿದೆ? ನಮ್ಮ ಪತ್ರಲೇಖನದ ಸಂಪ್ರದಾಯ ದೊಡ್ಡದು. ‘ತೀರ್ಥರೂಪರ ಚರಣಾರವಿಂದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು’ ಎಂದು ಆರಂಭಿಸಿ, ‘ಉಭಯ ಕುಶಲೋಪರಿ ಸಾಂಪ್ರತ’ ಎಂದ ಮೇಲೆಯೇ ವಿಷಯಕ್ಕೆ ಬರುವ ಪದ್ಧತಿ. ಸಂಘ ಸಂಸ್ಥೆಗಳ ಇ-ಮೇಲ್‌ಗಳಲ್ಲಿ ಇದರ ನೆರಳು ಇನ್ನೂ ಉಳಿದಿದೆ. ಇನ್‌ಬಾಕ್ಸ್‌ನಲ್ಲಿ ಕಾಣುವುದು ಹೀಗೆ:

ವಿಷಯ: ಆಮಂತ್ರಣ
ಇಣುಕು: ಆತ್ಮೀಯ ಸಮಾಜ ಬಾಂಧವರೇ, ಸಪ್ರೇಮ ನಮಸ್ಕಾರಗಳು. ತಮಗೆಲ್ಲ ತಿಳಿದಿರುವಂತೆ…

ಯಾವ ಆಮಂತ್ರಣ, ಎಂದು, ಎಲ್ಲಿ ಎಂಬುದು ಇದರಲ್ಲಿಲ್ಲ. ಹಾಗೆಂದು ಉಪಚಾರವನ್ನು ಕೈಬಿಡಬೇಕೆಂದು ಯಾರೂ ಹೇಳುವುದಿಲ್ಲ. ಹಿರಿಯರಿಗೆ ನಮಸ್ಕಾರ ಪತ್ರದ ಒಳಗೆ ಇದ್ದೇ ಇರಲಿ. ಆದರೆ ಕಿಟಕಿಯಲ್ಲಿ ವಿಷಯ ಕಾಣಲಿ ಎಂಬುದಷ್ಟೇ ಮಾತು. ರಾಜ್ಯೋತ್ಸವದ ಅದೇ ಆಮಂತ್ರಣವನ್ನು ಹೀಗೆ ಬರೆದು ನೋಡಬಹುದು:

ವಿಷಯ: ರಾಜ್ಯೋತ್ಸವ, ರವಿವಾರ ಸಂಜೆ 5ಕ್ಕೆ
ಇಣುಕು: ನಾಡು ಒಂದಾದ ದಿನವೇ ನಾಗಪುರ ರಾಜಧಾನಿ ಪಟ್ಟ ಕಳೆದುಕೊಂಡಿತು. ಆ ಕಥೆ ಕೇಳಲು ಬನ್ನಿ.

ಇದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾಗಿ ವಿಶಾಲ ಮೈಸೂರು ರಾಜ್ಯ ಉದಯಿಸಿತು. ಅದೇ ದಿನ ವಿದರ್ಭವು ಮುಂಬಯಿ ರಾಜ್ಯಕ್ಕೆ ಸೇರಿ, ಅದುವರೆಗೆ ಮಧ್ಯಪ್ರದೇಶದ ರಾಜಧಾನಿಯಾಗಿದ್ದ ನಾಗಪುರ ಆ ಸ್ಥಾನ ಕಳೆದುಕೊಂಡಿತು. ವಿಷಯದ ಸಾಲು ದಿನ-ಸಮಯ ಹೇಳಿತು, ಇಣುಕು ಸಾಲು ಬರಲು ಕಾರಣ ಕೊಟ್ಟಿತು. ಒಂದು ಹೇಳಿದ್ದನ್ನೇ ಇನ್ನೊಂದು ಹೇಳಲಿಲ್ಲ. ಉತ್ತಮ ಇಣುಕು ಸಾಲಿನ ಮುಖ್ಯ ಲಕ್ಷಣ ಇದುವೇ.

ಕ್ರಿಯಾಪದ ಕೊನೆಗೆ, ಕತ್ತರಿಯೂ ಕೊನೆಗೆ

ಇಂಗ್ಲಿಷಿನವರಿಗಿಲ್ಲದ ಒಂದು ತೊಡಕು ಕನ್ನಡಕ್ಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಬರುವುದು ಕೊನೆಯಲ್ಲಿ. ಇನ್‌ಬಾಕ್ಸ್ ಕತ್ತರಿ ಹಾಕುವುದೂ ಕೊನೆಯಲ್ಲೇ. ಈ ಎರಡು ಕೂಡಿದರೆ ಆಗುವ ಅನಾಹುತಕ್ಕೆ ಒಂದು ಮಾದರಿ ನೋಡಿ:

ದಿನಾಂಕ 14ರಂದು ರವಿವಾರ ನಡೆಯಲಿದ್ದ ನಮ್ಮ ಸಂಘದ ವಾರ್ಷಿಕ ಮಹಾಸಭೆಯನ್ನು…

ಇಷ್ಟಕ್ಕೇ ಸಾಲು ತುಂಡಾಗುತ್ತದೆ. ‘ಅನಿವಾರ್ಯ ಕಾರಣದಿಂದ ಮುಂದೂಡಲಾಗಿದೆ’ ಎಂಬ ಭಾಗ ಯಾರಿಗೂ ಕಾಣುವುದಿಲ್ಲ. ಓದಿದವನ ಮನಸ್ಸಿನಲ್ಲಿ ಉಳಿಯುವುದು 14, ರವಿವಾರ, ಮಹಾಸಭೆ. ಅಂದು ಬೆಳಿಗ್ಗೆ ಕಾಮ್ಟಿಯಿಂದಲೋ ಹಿಂಗಣಾದಿಂದಲೋ ವಯಸ್ಸಾದ ಸದಸ್ಯರೊಬ್ಬರು ಆಟೋ ಮಾಡಿಕೊಂಡು ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಂತರೆ ತಪ್ಪು ಅವರದ್ದೆನ್ನುವಂತಿಲ್ಲ. ಪತ್ರ ಸುಳ್ಳು ಹೇಳಿರಲಿಲ್ಲ. ನಿಜವನ್ನು ತೀರ ಕೊನೆಗೆ ಇಟ್ಟಿತ್ತು, ಅಷ್ಟೆ.

ಪರಿಹಾರ ಕಷ್ಟದ್ದಲ್ಲ. ‘ಸಭೆ ಮುಂದಕ್ಕೆ. 14ಕ್ಕೆ ಅಲ್ಲ, 21ಕ್ಕೆ.’ ಪತ್ರಿಕೆಗಳ ತಲೆಬರಹದಂತೆ, ವಾಕ್ಯವನ್ನು ಒಡೆದು ಫಲಿತವನ್ನು ಮುಂದೆ ತಂದರಾಯಿತು. ರದ್ದು, ಮುಂದಕ್ಕೆ, ಕೊನೆಯ ದಿನ, ಸ್ಥಳ ಬದಲು ಎಂಬಂಥ ಪದಗಳು ಮೊದಲ ನಾಲ್ಕೈದು ಪದಗಳೊಳಗೆ ಬಂದು ಬಿಡಬೇಕು.

ಎಷ್ಟು ಉದ್ದ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಫೋನು, ಆ್ಯಪ್, ಅಕ್ಷರದ ಗಾತ್ರ ಬದಲಾದಂತೆ ಇದೂ ಬದಲಾಗುತ್ತದೆ. ಮೊಬೈಲ್‌ನಲ್ಲಿ ಸಾಮಾನ್ಯವಾಗಿ 40ರಿಂದ 90 ಇಂಗ್ಲಿಷ್ ಅಕ್ಷರಗಳಷ್ಟು ಜಾಗ ಕಾಣುತ್ತದೆ ಎಂದಿಟ್ಟುಕೊಳ್ಳಬಹುದು. ಕಂಪ್ಯೂಟರಿನ ಜಿಮೇಲ್‌ನಲ್ಲಿ ವಿಷಯ ಮತ್ತು ಇಣುಕು ಒಂದೇ ಸಾಲನ್ನು ಹಂಚಿಕೊಳ್ಳುವುದರಿಂದ, ವಿಷಯ ಉದ್ದವಾದಷ್ಟೂ ಇಣುಕಿಗೆ ಜಾಗ ಕಡಿಮೆ. ಕನ್ನಡ ಅಕ್ಷರಗಳು ದುಂಡಗೆ, ಅಗಲಕ್ಕೆ ಕುಳಿತುಕೊಳ್ಳುವುದರಿಂದ ಐದಾರು ಪದಗಳಿಗೇ ಜಾಗ ಮುಗಿಯುವುದುಂಟು. ಮೊದಲ ಐದು ಪದಗಳಲ್ಲಿ ತಿರುಳು, ಉಳಿದದ್ದು ಕಂಡರೆ ಲಾಭ ಎಂಬ ಲೆಕ್ಕಾಚಾರವೇ ಕ್ಷೇಮ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹೆಚ್ಚಿನ ಕಡೆ ಕಂಡು ಬರುವ ಮೊದಲ ತಪ್ಪು, ‘ಈ ಪತ್ರ ಸರಿಯಾಗಿ ಕಾಣದಿದ್ದರೆ ಇಲ್ಲಿ ಒತ್ತಿ’ ಎಂಬ ತಾಂತ್ರಿಕ ಸೂಚನೆಯನ್ನು ಪತ್ರದ ನೆತ್ತಿಯ ಮೇಲೆ ಇಡುವುದು. ಇನ್‌ಬಾಕ್ಸ್‌ನಲ್ಲಿ ಅದೇ ಕಾಣುತ್ತದೆ. ಅಂಗಡಿಯ ಹೊರಗೆ ‘ಬಾಗಿಲು ತೆಗೆಯದಿದ್ದರೆ ಹಿಂದಿನಿಂದ ಬನ್ನಿ’ ಎಂದು ಫಲಕ ತೂಗಿದಂತೆ.

ಎರಡನೆಯದು ನಮ್ಮ ಸಂಘಗಳಲ್ಲಿ ತೀರ ಸಾಮಾನ್ಯ. ಮುದ್ರಣಾಲಯದಿಂದ ಬಂದ ಬಣ್ಣದ ಆಮಂತ್ರಣ ಪತ್ರಿಕೆಯ ಚಿತ್ರವನ್ನು ಮಾತ್ರ ಅಂಟಿಸಿ, ಒಂದಕ್ಷರವನ್ನೂ ಬರೆಯದೆ ಕಳುಹಿಸುವುದು. ಚಿತ್ರದೊಳಗಿನ ಅಕ್ಷರಗಳು ಇಣುಕು ಸಾಲಿಗೆ ಬರುವುದಿಲ್ಲ. ಅಲ್ಲಿ ಬರಿದೇ ಉಳಿಯುತ್ತದೆ, ಇಲ್ಲವೇ ಚಿತ್ರದ ಕಡತದ ಹೆಸರು ಕಾಣುತ್ತದೆ. ಚಿತ್ರದ ಮೇಲೆ ಎರಡು ಸಾಲು ಟೈಪು ಮಾಡಿದರೆ ಸಾಕು. ಕಣ್ಣು ಕಾಣದವರು ಬಳಸುವ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೂ ಅದರಿಂದ ಅನುಕೂಲ.

ಮೂರನೆಯದು, ವಿಷಯದ ಸಾಲನ್ನೇ ಮತ್ತೆ ಬರೆಯುವುದು. ದೀಪಾವಳಿಗೆ ತಿಂಡಿ ಮಾಡಿಕೊಡುವ ಕ್ಯಾಟರಿಂಗ್‌ನವರೊಬ್ಬರು ಸದರ್‌ನಲ್ಲಿದ್ದಾರೆಂದು ಇಟ್ಟುಕೊಳ್ಳೋಣ. ವಿಷಯದಲ್ಲೂ ‘ದೀಪಾವಳಿ ಶುಭಾಶಯಗಳು’, ಇಣುಕಿನಲ್ಲೂ ‘ತಮಗೂ ತಮ್ಮ ಕುಟುಂಬಕ್ಕೂ ದೀಪಾವಳಿಯ ಹಾರ್ದಿಕ ಶುಭಾಶಯಗಳು’ ಎಂದಿದ್ದರೆ ಅದು ಆ ವಾರ ಬರುವ ಹತ್ತಾರು ಶುಭಾಶಯಗಳಲ್ಲಿ ಒಂದಾಗಿ ಉಳಿಯುತ್ತದೆ. ‘ಚಕ್ಕುಲಿ, ಕೋಡುಬಳೆ, ಮೈಸೂರು ಪಾಕ್: ಆರ್ಡರ್ ಬುಧವಾರದವರೆಗೆ’ ಎಂದಿದ್ದರೆ ಪತ್ರ ತೆರೆಯದೆಯೂ ಗಿರಾಕಿ ಫೋನು ಮಾಡಿಯಾನು. ಪತ್ರ ತೆರೆಯಲಿಲ್ಲವೆಂದು ವ್ಯಾಪಾರಿ ದುಃಖಿಸಬೇಕಾಗಿಲ್ಲ. ಬೇಕಾದದ್ದು ಆರ್ಡರು.

ಬರೆಯುವುದೆಲ್ಲಿ ಎಂಬ ಸಂದೇಹ ಕೆಲವರಿಗಿರಬಹುದು. ಸಾಮೂಹಿಕ ಪತ್ರ ಕಳುಹಿಸುವ ಮೇಲ್‌ಚಿಂಪ್, ಝೋಹೋ ಕ್ಯಾಂಪೇನ್ಸ್ ಮೊದಲಾದ ಸೇವೆಗಳಲ್ಲಿ ಇದಕ್ಕೆಂದೇ ಬೇರೆ ಚೌಕವಿರುತ್ತದೆ. ಸಾಧಾರಣ ಜಿಮೇಲ್‌ನಲ್ಲಿ ಕಳುಹಿಸುವವರಿಗೆ ಪತ್ರದ ಮೊದಲ ಸಾಲೇ ಇಣುಕು ಸಾಲು.

ಇಲ್ಲೊಂದು ಕುತೂಹಲದ ಸಂಗತಿಯಿದೆ. ಚೌಕದಲ್ಲಿ ಬರೆದ ಸಾಲು ಚಿಕ್ಕದಾದರೆ ಪತ್ರದ ಮುಂದಿನ ಪದಗಳು ಬಂದು ಸೇರಿಕೊಳ್ಳದಂತೆ, ಕಣ್ಣಿಗೆ ಕಾಣದ ಅಕ್ಷರಗಳನ್ನು ಸಾಲುಗಟ್ಟಿ ತುಂಬುವ ಉಪಾಯವನ್ನು ತಂತ್ರಜ್ಞರು ಮಾಡುತ್ತಾರೆ. ಅವುಗಳಲ್ಲೊಂದು ‘ಝೀರೋ ವಿಡ್ತ್ ನಾನ್ ಜಾಯ್ನರ್’. ‘ಸದರ್‌ನಲ್ಲಿ’ ಎಂದು ಬರೆಯುವಾಗ ‘ರ್’ ಮುಂದಿನ ‘ನ’ಕ್ಕೆ ಒತ್ತಕ್ಷರವಾಗಿ ಅಂಟಿಕೊಳ್ಳದಂತೆ ತಡೆಯುವುದೂ ಇದೇ ಅಕ್ಷರ. ಕನ್ನಡಿಗರು ನಿತ್ಯ ಬಳಸುವ ಮೌನಾಕ್ಷರವೊಂದು ಜಗತ್ತಿನ ವ್ಯಾಪಾರಿ ಪತ್ರಗಳಲ್ಲಿ ಕಾವಲು ಕಾಯುತ್ತಿದೆ.

2000ದ ದಶಕದ ಮೊದಲ ವರ್ಷಗಳಲ್ಲಿ ಹೊರನಾಡಿನಿಂದ ಕನ್ನಡದಲ್ಲಿ ಇ-ಮೇಲ್ ಮಾಡಿದವರಿಗೆ ಇನ್ನೊಂದು ಕಷ್ಟ ನೆನಪಿರಬಹುದು. ಬರೆದವರ ಫಾಂಟು ಪಡೆದವರಲ್ಲಿ ಇಲ್ಲದಿದ್ದರೆ ಪರದೆ ತುಂಬ ಅರ್ಥವಿಲ್ಲದ ಚಿಹ್ನೆಗಳು. ಹಾಗಾಗಿ ಅನೇಕರು ಇಂಗ್ಲಿಷ್ ಲಿಪಿಯಲ್ಲೇ ಕನ್ನಡ ಬರೆದರು. ಯೂನಿಕೋಡ್ ಬಳಕೆಗೆ ಬಂದ ಮೇಲೆ ಆ ತೊಂದರೆ ನೀಗಿದೆ. ಹಿಂದಿ, ಮರಾಠಿ, ಇಂಗ್ಲಿಷ್ ಪತ್ರಗಳೇ ತುಂಬಿರುವ ನಾಗಪುರದ ಇನ್‌ಬಾಕ್ಸ್‌ನಲ್ಲಿ ಇಂದು ಒಂದು ಕನ್ನಡ ಸಾಲು ಕಂಡರೆ ಕಣ್ಣು ತಾನಾಗಿ ಅಲ್ಲಿ ನಿಲ್ಲುತ್ತದೆ. ಇದು ಖರ್ಚಿಲ್ಲದ ಅನುಕೂಲ.

ಸುಳ್ಳಿನ ಸಾಲಿಗೆ ಆಯುಷ್ಯ ಕಡಿಮೆ

‘ನಿಮ್ಮ ಖಾತೆಯ ಬಗ್ಗೆ ತುರ್ತು ಸೂಚನೆ’ ಎಂದು ಇಣುಕಿನಲ್ಲಿ ಬರೆದು, ಒಳಗೆ ಸೀರೆ ರಿಯಾಯಿತಿ ತೋರಿಸುವವರಿದ್ದಾರೆ. ಮೊದಲ ಸಲ ಜನ ತೆರೆಯುತ್ತಾರೆ. ಎರಡನೆಯ ಸಲ ‘ಸ್ಪ್ಯಾಮ್’ ಗುಂಡಿ ಒತ್ತುತ್ತಾರೆ. ಆ ಗುಂಡಿಯ ಪೆಟ್ಟು ಸಣ್ಣದಲ್ಲ. ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರ ಕಳುಹಿಸುವವರಿಗೆ ಗೂಗಲ್ 2024ರ ಫೆಬ್ರವರಿಯಿಂದ ಕಟ್ಟುನಿಟ್ಟಿನ ನಿಯಮ ತಂದಿದೆ. ಕಳುಹಿಸುವವರ ಗುರುತು ದೃಢಪಟ್ಟಿರಬೇಕು, ಬೇಡವೆಂದವರು ಒಂದೇ ಒತ್ತಿಗೆ ಹೊರಬರುವಂತಿರಬೇಕು, ಸ್ಪ್ಯಾಮ್ ದೂರಿನ ಪ್ರಮಾಣ ಶೇ. 0.3ನ್ನು ಮುಟ್ಟಬಾರದು. ಯಾಹೂ ಕೂಡ ಇಂಥದ್ದೇ ನಿಯಮ ತಂದಿದೆ. 1,000 ಪತ್ರಗಳಿಗೆ ಮೂವರು ಸಿಟ್ಟಾದರೂ ಮಿತಿ ಮುಟ್ಟಿದಂತೆ.

ಸಣ್ಣ ವ್ಯಾಪಾರಿಗೆ ಈ ಸಂಖ್ಯೆ ಅನ್ವಯಿಸದಿರಬಹುದು. ಆದರೆ ದೂರು ಹೆಚ್ಚಿದ ವಿಳಾಸದ ಪತ್ರಗಳು ಕಸದ ಪೆಟ್ಟಿಗೆಗೆ ಬೀಳುವುದು ಎಲ್ಲರಿಗೂ ಒಂದೇ. ಒಮ್ಮೆ ಬಿದ್ದರೆ ಮುಂದೆ ಕಳುಹಿಸುವ ನಿಜವಾದ ಬಿಲ್ಲು, ನಿಜವಾದ ಆಮಂತ್ರಣವೂ ಅಲ್ಲಿಗೇ ಸೇರಬಹುದು. ಮಾತಿನ ಮೇಲೆ, ನಂಬಿಕೆಯ ಮೇಲೆ ಪರಊರಿನಲ್ಲಿ ಅಂಗಡಿ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಒಪ್ಪಿಗೆಯೇ. ಮದುವೆಯ ಊಟದ ಆರ್ಡರಿಗೆಂದು ಕೊಟ್ಟ ವಿಳಾಸವನ್ನು ಕೇಳದೆ ಜಾಹೀರಾತಿಗೆ ಬಳಸುವುದು ಸರಿಯಲ್ಲ.

ಸಾಲು ಫಲ ಕೊಟ್ಟಿತೇ ಎಂದು ತಿಳಿಯುವುದು ಹೇಗೆ? ಎಷ್ಟು ಮಂದಿ ಪತ್ರ ತೆರೆದರು ಎಂಬ ಲೆಕ್ಕವನ್ನೇ ಹಿಂದೆ ನಂಬಲಾಗುತ್ತಿತ್ತು. 2021ರಲ್ಲಿ ಆ್ಯಪಲ್ ಕಂಪೆನಿಯು ತನ್ನ ಮೇಲ್ ಆ್ಯಪ್‌ನಲ್ಲಿ ಗೋಪ್ಯತೆಯ ವ್ಯವಸ್ಥೆ ತಂದ ಮೇಲೆ, ಓದುಗ ತೆರೆಯದಿದ್ದರೂ ತೆರೆದಂತೆ ದಾಖಲಾಗಬಹುದಾದ್ದರಿಂದ ಆ ಲೆಕ್ಕದ ಬೆಲೆ ಇಳಿದಿದೆ. 2024ರ ಕೊನೆಗೆ ಆ್ಯಪಲ್‌ನ ಹೊಸ ಫೋನುಗಳಲ್ಲಿ ಇಣುಕು ಸಾಲಿನ ಜಾಗದಲ್ಲಿ ಯಂತ್ರವೇ ಮಾಡಿದ ಸಾರಾಂಶ ಕಾಣುವ ಏರ್ಪಾಡೂ ಬಂತು. ಆದ್ದರಿಂದ ಪತ್ರದ ಒಳಗೂ ವಿಷಯ ಸ್ಪಷ್ಟವಿರಬೇಕು. ಒಳಗೆ ಹುರುಳಿಲ್ಲದಿದ್ದರೆ ಯಂತ್ರವೂ ಹುರುಳನ್ನು ಹುಟ್ಟಿಸಲಾರದು. ಅಂಗಡಿಯವರಿಗೆ ಬಂದ ಆರ್ಡರು, ಸಂಘದವರಿಗೆ ತುಂಬಿದ ಕುರ್ಚಿ, ಇವೇ ನಂಬಬಹುದಾದ ಲೆಕ್ಕ. ಪಟ್ಟಿಯನ್ನು ಎರಡು ಪಾಲು ಮಾಡಿ, ಒಂದೇ ಪತ್ರಕ್ಕೆ ಎರಡು ಬೇರೆ ಇಣುಕು ಸಾಲು ಹಾಕಿ, ಉತ್ತರ ಯಾವ ಕಡೆಯಿಂದ ಹೆಚ್ಚು ಬಂತೆಂದು ನೋಡುವುದು ಯಾರೂ ಮಾಡಬಹುದಾದ ಪರೀಕ್ಷೆ.

ಕೊನೆಯ ದಿನ ಕೊನೆಯ ಪ್ಯಾರಾದಲ್ಲಿ

ವಾಟ್ಸ್ಆ್ಯಪ್ ಇರುವಾಗ ಇದೆಲ್ಲ ಯಾಕೆ ಎನ್ನುವವರೂ ಇದ್ದಾರೆ. ಅಲ್ಲಿಯೂ ಗುಂಪಿನ ಹೆಸರಿನ ಕೆಳಗೆ ಕಾಣುವುದು ಒಂದೇ ಸಾಲು. ‘ಎಲ್ಲರಿಗೂ ಶುಭೋದಯ’ದ ನಡುವೆ ಬಂದ ನಿಧನ ವಾರ್ತೆಯನ್ನು ಅಂತ್ಯಕ್ರಿಯೆ ಮುಗಿದ ಮೇಲೆ ನೋಡಿದವರುಂಟು. ಸಾಧನ ಬದಲಾದರೂ ನಿಯಮ ಅದೇ.

ಸಮಾಜದ ಮಕ್ಕಳಿಗೆ ವಿದ್ಯಾರ್ಥಿ ವೇತನ ಕೊಡುವ ಸಂಸ್ಥೆಗಳು ಹೊರನಾಡಿನಲ್ಲಿ ಸಾಕಷ್ಟಿವೆ. ಅರ್ಜಿ ಕರೆಯುವ ಪತ್ರಗಳಲ್ಲಿ ಸಂಸ್ಥೆಯ ಸ್ಥಾಪನೆ, ದಾನಿಗಳ ಉದಾರತೆ, ಹಿಂದಿನ ವರ್ಷದ ಸಮಾರಂಭ ಎಲ್ಲ ಮುಗಿದ ಮೇಲೆ ಕೊನೆಯ ಪ್ಯಾರಾದಲ್ಲಿ ಕೊನೆಯ ದಿನಾಂಕ ಇರುತ್ತದೆ. ಹೊಟೇಲಿನ ಅಡುಗೆ ಮನೆಯಲ್ಲಿ ಬೆಳಿಗ್ಗೆ ಐದರಿಂದ ರಾತ್ರಿಯವರೆಗೆ ದುಡಿಯುವ ತಂದೆಗೆ ಆ ಪ್ಯಾರಾದವರೆಗೆ ಹೋಗುವ ಬಿಡುವಿರುವುದಿಲ್ಲ. ನಡುವೆ ಒಮ್ಮೆ ಫೋನು ತೆಗೆದು ಹೆಬ್ಬೆರಳಿನಿಂದ ಸಾಲುಗಳನ್ನು ಮೇಲಕ್ಕೆ ಸರಿಸುವಾಗ ಅವರ ಕಣ್ಣಿಗೆ ಬೀಳುವುದು ಒಂದೆರಡು ಕ್ಷಣ ಮಾತ್ರ. ಆ ಕ್ಷಣದಲ್ಲಿ ‘ಮಾನ್ಯರೇ, ನಮ್ಮ ಸಂಸ್ಥೆಯು ಕಳೆದ ಹಲವಾರು ವರ್ಷಗಳಿಂದ’ ಎಂದು ಕಂಡರೆ ಪತ್ರ ಸರಿದು ಹೋಗುತ್ತದೆ. ‘ಮಗಳ ಕಾಲೇಜು ಫೀಸಿಗೆ ನೆರವು. ಅರ್ಜಿ 15ರೊಳಗೆ’ ಎಂದು ಕಂಡರೆ ಬೆರಳು ನಿಲ್ಲುತ್ತದೆ.

ದಾನಿಗಳ ಹಣ ಅದೇ, ಅರ್ಜಿಯ ನಮೂನೆಯೂ ಅದೇ. ಮನೆಗೆ ನೆರವು ಬಂತೋ ಇಲ್ಲವೋ ಎಂಬುದನ್ನು ತೀರ್ಮಾನಿಸಿದ್ದು ಐದಾರು ಪದ. ಮುಂದಿನ ಸಲ ಪತ್ರ ಕಳುಹಿಸುವ ಮೊದಲು ಕಾರ್ಯದರ್ಶಿಗಳು ಅದನ್ನು ತಮಗೇ ಒಮ್ಮೆ ಕಳುಹಿಸಿಕೊಂಡು, ತೆರೆಯದೆ, ಇನ್‌ಬಾಕ್ಸ್‌ನಲ್ಲಿ ಹೇಗೆ ಕಾಣುತ್ತದೆಂದು ನೋಡುವುದು ಒಳಿತು. ತೆರೆಯದೆಯೂ ವಿಷಯ ತಿಳಿಯಿತಾದರೆ ಪತ್ರ ಸಿದ್ಧವಾಯಿತೆಂದೇ ಅರ್ಥ.